ದಾವಣಗೆರೆಯಿಂದ ತವಾಂಗ್ ನೋಡಲು ಹೊರಟಿದ್ದೇವೆ. ಗುವಾಹಟಿಯಿಂದ ಹೋಗುವಾಗ ದಾರಿಯಲ್ಲಿ ದಿರಾಂಗ್‌ನಲ್ಲಿ ಉಳಿಯಿರಿ ಅಂತಾರೆ, ಯಾಕೆ?

ಮೈ ಎತ್ತರಕ್ಕೆ ಹೊಂದಿಕೊಳ್ಳಲಿ ಅಂತ. ಅರುಣಾಚಲದ ತವಾಂಗ್ ಇರುವುದು ಸುಮಾರು 10,000 ಅಡಿ ಮೇಲೆ. ನಮ್ಮ ದಾವಣಗೆರೆ 2,000 ಅಡಿ ಅಷ್ಟೇ. ತವಾಂಗ್‌ಗೂ ಮುಂಚೆ 13,700 ಅಡಿಯ ಸೇಲಾ ಘಾಟಿ ಸಿಗುತ್ತದೆ. 2024ರಲ್ಲಿ ಸುರಂಗ ಬಂದಿದೆ ನಿಜ, ಆದರೆ ಅದೂ ಸುಮಾರು 13,000 ಅಡಿಯಲ್ಲೇ ಇದೆ.

ಮೇಲೆ ಹೋದ ಹಾಗೆ ಗಾಳಿಯಲ್ಲಿ ಆಮ್ಲಜನಕದ ಪಾಲು ಬದಲಾಗುವುದಿಲ್ಲ, ಗಾಳಿಯ ಒತ್ತಡ ಕಮ್ಮಿಯಾಗುತ್ತದೆ. ಹಾಗಾಗಿ ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಕಮ್ಮಿ. ಊರಿಂದ ಒಯ್ದ ಖಾರ ಮಂಡಕ್ಕಿಯ ಸೀಲ್ ಪ್ಯಾಕೆಟ್ ಸೇಲಾ ಹತ್ತಿರ ಬಿಗಿಯಾಗಿ ಉಬ್ಬಿರುತ್ತದೆ, ನೋಡಿ. ಅದೇ ಕಾರಣಕ್ಕೆ. ಇದಕ್ಕೆ ತಕ್ಕಂತೆ ಉಸಿರಾಟ ಜಾಸ್ತಿ ಮಾಡಿಕೊಳ್ಳಲು ದೇಹಕ್ಕೆ ಒಂದೆರಡು ದಿನವಾದರೂ ಬೇಕು. ಆತುರಪಟ್ಟರೆ ತಲೆನೋವು, ವಾಂತಿ. ಅಷ್ಟು ದೂರ ಹೋಗಿ, 17ನೇ ಶತಮಾನದ ಬೌದ್ಧ ಮಠ ನೋಡದೆ ಲಾಡ್ಜಲ್ಲಿ ಮಲಗುವುದು ಯಾರಿಗೆ ಬೇಕು, ಅಲ್ವಾ?

ದಿರಾಂಗ್ ಸುಮಾರು 5,000 ಅಡಿ. ಬಿಸಿನೀರಿನ ಬುಗ್ಗೆಯೂ ಇದೆ, ಸುಮ್ನೆ ದಿನ ಹಾಳಾಯ್ತು ಅನ್ನಿಸುವುದಿಲ್ಲ. ನನ್ನ ಕೇಳಿದರೆ ಎರಡು ರಾತ್ರಿ ಉಳಿಯಿರಿ. ತಲೆನೋವು ಶುರುವಾದರೆ ಇನ್ನೂ ಮೇಲೆ ಹತ್ತಬೇಡಿ, ಜಾಸ್ತಿಯಾದರೆ ಕೆಳಗಿಳಿಯಿರಿ.

ಅಂದ ಹಾಗೆ, ಹೊರರಾಜ್ಯದವರಿಗೆ ಬೇಕಾದ ಇನ್ನರ್ ಲೈನ್ ಪರ್ಮಿಟ್ ಆನ್‌ಲೈನಲ್ಲೇ ಸಿಗುತ್ತದೆ. ಊರು ಬಿಡುವ ಮುಂಚೆಯೇ ಮಾಡಿಸಿಟ್ಟುಕೊಳ್ಳಿ.