ಸೊನ್ನೆಗಿಂತ ಕಡಿಮೆ ಮಳೆ ಬೀಳುವುದುಂಟೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ತೋಟದಲ್ಲಿ ತಂದೆಯವರ ಕಾಲದಿಂದಲೂ ಮಳೆಯ ಪುಸ್ತಕ ಬರೆದಿಡುವ ರೂಢಿಯಿದೆ. ದಿನವೂ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆಯುತ್ತೇವೆ. ಬಿ.ಎಸ್ಸಿ. ಓದುತ್ತಿರುವ ಮಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ದಿನಗಳ ಸರಾಸರಿಯನ್ನೂ ಮಾನಕ ವಿಚಲನೆಯನ್ನೂ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ) ತೆಗೆದು, ಪ್ರಸಾಮಾನ್ಯ ವಿತರಣೆಯ (ಗಂಟೆಯಾಕಾರದ ವಕ್ರರೇಖೆಯ) ಪ್ರಕಾರ ಶೇ. 68ರಷ್ಟು ದಿನಗಳ ಮಳೆ ಇಂತಿಷ್ಟರೊಳಗೆ ಇರಬೇಕೆಂದು ಹೇಳಿದ. ಆದರೆ ಅವನ ಕೆಳಗಿನ ಮಿತಿ ಸೊನ್ನೆಗಿಂತ ಕಡಿಮೆ ಬಂದಿದೆ. ಎಲ್ಲಿ ತಪ್ಪಾಗಿದೆ?
– ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ತಮ್ಮ ಮಗನ ಕೂಡು-ಕಳೆಯುವಿಕೆಯಲ್ಲಿ ತಪ್ಪಿಲ್ಲ, ತಪ್ಪಿರುವುದು ಅದರ ಹಿಂದಿನ ಊಹೆಯಲ್ಲಿ. ಯಾವ ಅಂಕಿಗಳ ಪಟ್ಟಿಗಾದರೂ ಸರಾಸರಿ ಮತ್ತು ಮಾನಕ ವಿಚಲನೆ ಇದ್ದೇ ಇರುತ್ತವೆ. ಆದರೆ ಸರಾಸರಿಯ ಆಚೀಚೆ ಒಂದು ಮಾನಕ ವಿಚಲನೆಯೊಳಗೆ ಶೇ. 68.27, ಎರಡರೊಳಗೆ ಶೇ. 95.45, ಮೂರರೊಳಗೆ ಶೇ. 99.73 ಎಂಬ ನಿಯಮವು ಅಂಕಿಗಳು ಗಂಟೆಯಾಕಾರದ ಆ ಒಂದು ವಕ್ರರೇಖೆಯಂತೆ ಹರಡಿದ್ದಾಗ ಮಾತ್ರ ನಿಲ್ಲುತ್ತದೆ. ಪಠ್ಯಗಳು ಅಂಕಿಗಳಿಗಿಂತ ಮೊದಲು ರೇಖೆಯನ್ನೇ ತೋರಿಸುವುದರಿಂದ, ಎಲ್ಲ ಅಂಕಿಗಳೂ ಅದರೊಳಗೆ ಕೂರುತ್ತವೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಬೆಳೆಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಲೆಕ್ಕಕ್ಕೆಂದು ದಿನದ ಸರಾಸರಿ 60 ಸೆಂಟ್, ಮಾನಕ ವಿಚಲನೆ 90 ಸೆಂಟ್ ಎಂದಿಟ್ಟುಕೊಳ್ಳೋಣ. ಆಗ ಸೊನ್ನೆಯು ಸರಾಸರಿಗಿಂತ ಮೂರನೇ ಎರಡು ಮಾನಕ ವಿಚಲನೆಯಷ್ಟು ಮಾತ್ರ ಕೆಳಗಿರುತ್ತದೆ. ಪ್ರಸಾಮಾನ್ಯ ವಿತರಣೆಯ ಕೋಷ್ಟಕ ನೋಡಿದರೆ, ಅದಕ್ಕಿಂತಲೂ ಕೆಳಗೆ ಶೇ. 25ರಷ್ಟು ಭಾಗವಿದೆ, ಅಂದರೆ ನಾಲ್ಕು ದಿನಕ್ಕೊಮ್ಮೆ ಸೊನ್ನೆಗಿಂತ ಕಡಿಮೆ ಮಳೆಯಾಗಬೇಕು! ಮೇಲಿನ ತುದಿಯಲ್ಲಿ ಇದಕ್ಕಿಂತ ಅಪಾಯಕಾರಿಯಾದ ತಪ್ಪಿದೆ. ಒಂದೇ ದಿನ 6 ಇಂಚು ಮಳೆಯೆಂದರೆ ಸರಾಸರಿಗಿಂತ ಆರು ಮಾನಕ ವಿಚಲನೆ ಮೇಲೆ, ಮತ್ತು ಈ ರೇಖೆಯ ಪ್ರಕಾರ ಅಂಥ ದಿನ ಬರುವುದು ಸುಮಾರು ನೂರು ಕೋಟಿ ದಿನಗಳಿಗೊಮ್ಮೆ. 2019ರ ಆಗಸ್ಟ್ ತಿಂಗಳ ಮಳೆಯನ್ನೂ ಗುಡ್ಡ ಕುಸಿತವನ್ನೂ ಕಂಡಿರುವ ಮೂಡಿಗೆರೆಯವರಿಗೆ ಇದು ಎಷ್ಟು ಅಸಂಬದ್ಧವೆಂದು ಬಿಡಿಸಿ ಹೇಳಬೇಕಾಗಿಲ್ಲ. ಚರಂಡಿಯ ಅಗಲವನ್ನೋ ಮಳೆನೀರು ಇಂಗಿಸಲು ತೋಟದಲ್ಲಿ ತೆಗೆಯುವ ತೊಟ್ಟಿಲು ಗುಂಡಿಗಳ ಅಳತೆಯನ್ನೋ ನಿರ್ಧರಿಸಲು ದಿನದ ಮಳೆಗೆ ಈ ರೇಖೆಯನ್ನು ಎಂದಿಗೂ ಬಳಸಬೇಡಿ.

ಪ್ರಸಾಮಾನ್ಯ ವಿತರಣೆ ಮೂಡಿಬರುವುದು ಪರಸ್ಪರ ಅವಲಂಬಿಸದ ಅನೇಕ ಸಣ್ಣಪುಟ್ಟ ಕಾರಣಗಳು ಒಟ್ಟುಗೂಡಿದಾಗ, ಮತ್ತು ಅವುಗಳಲ್ಲಿ ಯಾವೊಂದೂ ಉಳಿದವನ್ನು ಮೀರಿಸದಿದ್ದಾಗ. ದಿನದ ಮಳೆ ಅಂಥದ್ದಲ್ಲ. ಅದಕ್ಕೆ ಕೆಳಗೆ ಸೊನ್ನೆಯ ಗೋಡೆಯಿದೆ, ಮೇಲೆ ತಡೆಯಿಲ್ಲ. ಹೆಚ್ಚಿನ ದಿನಗಳಲ್ಲಿ ಸ್ವಲ್ಪ ಮಳೆ, ಕೆಲವೇ ದಿನಗಳಲ್ಲಿ ವಿಪರೀತ ಮಳೆ. ಆ ಕೆಲವು ದಿನಗಳು ಸರಾಸರಿಯನ್ನು ಮೇಲಕ್ಕೆಳೆಯುವುದರಿಂದ ಮಧ್ಯಾಂಕವು (ಏರಿಕೆಯ ಕ್ರಮದಲ್ಲಿ ನಡುವೆ ನಿಲ್ಲುವ ಅಂಕಿ) ಸರಾಸರಿಗಿಂತ ಕೆಳಗೇ ಉಳಿಯುತ್ತದೆ. ದಿನಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ, ನಾಲ್ಕನೇ ಒಂದು, ಅರ್ಧ ಮತ್ತು ನಾಲ್ಕನೇ ಮೂರು ಭಾಗದಲ್ಲಿ ನಿಲ್ಲುವ ಅಂಕಿಗಳನ್ನು ಗುರುತು ಹಾಕಲು ಮಗನಿಗೆ ಹೇಳಿ. ಮಳೆಯ ಸ್ವಭಾವ ಅದರಲ್ಲಿ ಹೆಚ್ಚು ನಿಜವಾಗಿ ಕಾಣುತ್ತದೆ.

ಇಡೀ ಮಳೆಗಾಲದ ಮೊತ್ತದ ವಿಷಯ ಬೇರೆ. ಅದು 122 ದಿನಗಳ ಕೂಡಿಕೆಯಾದ್ದರಿಂದ, ಹಲವು ವರ್ಷಗಳ ಮೊತ್ತಗಳನ್ನು ನಕ್ಷೆಯಲ್ಲಿಟ್ಟರೆ ಗಂಟೆಯ ಆಕಾರ ಸಾಕಷ್ಟು ಹತ್ತಿರ ಬರುತ್ತದೆ. ಆದರೆ ಇಲ್ಲಿಯೂ ಒಂದು ಬಲೆಯಿದೆ. ಪ್ರತಿದಿನದ ಮಳೆಯೂ ಸ್ವತಂತ್ರವೆಂದು ಭಾವಿಸಿದರೆ, ಮೇಲಿನ ಅಂಕಿಗಳಿಂದ ಮೊತ್ತದ ಸರಾಸರಿ 73 ಇಂಚು ಆಗುತ್ತದೆ. 122ರ ವರ್ಗಮೂಲ ಸುಮಾರು 11 ಆದ್ದರಿಂದ ಮಾನಕ ವಿಚಲನೆ ಸುಮಾರು 10 ಇಂಚು ಎಂದು ಬರುತ್ತದೆ. ಆದರೆ ಪುನರ್ವಸು ಮಳೆ ಒಮ್ಮೆ ಹಿಡಿಯಿತೆಂದರೆ ವಾರಗಟ್ಟಲೆ ಬಿಡದು. ಬಿಸಿಲು ಬಿದ್ದರೂ ಹಾಗೆಯೇ ಕೆಲವು ದಿನ ಮುಂದುವರಿಯುತ್ತದೆ. ನಿನ್ನೆಯ ಮಳೆ ಇಂದಿನದರ ಮೇಲೆ ಪ್ರಭಾವ ಬೀರುವಾಗ ಮೊತ್ತದ ನಿಜವಾದ ಏರಿಳಿತ 10 ಇಂಚಿಗಿಂತ ಹೆಚ್ಚೇ ಇರುತ್ತದೆ. ಆದ್ದರಿಂದ ದಿನಗಳಿಂದ ಲೆಕ್ಕ ಹಾಕದೆ, ಪುಸ್ತಕದಲ್ಲಿರುವ ವರ್ಷವರ್ಷದ ಮೊತ್ತಗಳಿಂದಲೇ ನೇರವಾಗಿ ಮಾನಕ ವಿಚಲನೆಯನ್ನು ತೆಗೆಯುವುದು ಸರಿ. ಕಾಫಿ ಹೂವನ್ನು ಅರಳಿಸುವ ಹೂಮಳೆಗೆ ಮಾತ್ರ ಇದನ್ನೂ ಅನ್ವಯಿಸಬೇಡಿ. ಎರಡು ಮೂರು ಮಳೆಗಳ ಕೂಡಿಕೆಯಿಂದ ಗಂಟೆಯ ಆಕಾರ ಹುಟ್ಟುವುದಿಲ್ಲ.

ಪ್ರಶ್ನೆ: ಪ್ರಸಾಮಾನ್ಯ ವಿತರಣೆಯ ಸೂತ್ರದಲ್ಲಿ ವೃತ್ತಕ್ಕೆ ಸೇರಿದ ಪೈ ಏಕೆ ಬರುತ್ತದೆ? ರೇಖೆಯ ಎತ್ತರ ಕೆಲವೊಮ್ಮೆ 1ಕ್ಕಿಂತ ಹೆಚ್ಚಾಗುತ್ತದೆ. ಸಂಭವನೀಯತೆ 1ನ್ನು ಮೀರಬಹುದೆ?
– ಪದವಿ ವಿದ್ಯಾರ್ಥಿನಿ, ಹಾಸನ

ಉತ್ತರ: ಎರಡನೆಯದನ್ನು ಮೊದಲು ಹೇಳಿಬಿಡುತ್ತೇನೆ. ರೇಖೆಯ ಎತ್ತರ ಸಂಭವನೀಯತೆಯಲ್ಲ, ಸಾಂದ್ರತೆ; ರೇಖೆಯ ಕೆಳಗಿನ ವಿಸ್ತೀರ್ಣವೇ ಸಂಭವನೀಯತೆ. ಮಾನಕ ವಿಚಲನೆ 0.1 ಇದ್ದರೆ ರೇಖೆಯ ತುದಿ 3.99ರಷ್ಟು ಎತ್ತರವಿರುತ್ತದೆ, ಆದರೆ ಅಗಲ ಅಷ್ಟೇ ಕುಗ್ಗಿರುವುದರಿಂದ ಒಟ್ಟು ವಿಸ್ತೀರ್ಣ 1 ಆಗಿಯೇ ಉಳಿಯುತ್ತದೆ. ಒಂದೇ ಬಿಂದುವಿನ ಮೇಲೆ ವಿಸ್ತೀರ್ಣವಿಲ್ಲದ ಕಾರಣ, ಒಬ್ಬರ ಎತ್ತರ ಕರಾರುವಾಕ್ಕಾಗಿ 160 ಸೆಂ.ಮೀ. ಆಗಿರುವ ಸಂಭವನೀಯತೆ ಸೊನ್ನೆ, 159.5ರಿಂದ 160.5ರ ನಡುವೆ ಇರುವುದಕ್ಕೆ ಸಂಭವನೀಯತೆ ಉಂಟು.

ಪೈ ಬಂದದ್ದು ನಾಣ್ಯ ಚಿಮ್ಮುವ ಲೆಕ್ಕದಿಂದ. ಫ್ರಾನ್ಸ್‌ನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ್ದ ಗಣಿತಜ್ಞ ಅಬ್ರಹಾಂ ದ ಮೊಯಿವ್ರ್, ನಾಣ್ಯವನ್ನು ಬಹಳ ಸಲ ಚಿಮ್ಮಿದಾಗ ಇಂತಿಷ್ಟು ಬಾರಿ ತಲೆ ಬೀಳುವ ಸಂಭವನೀಯತೆಯನ್ನು ಸುಲಭವಾಗಿ ಅಂದಾಜಿಸುವ ದಾರಿ ಹುಡುಕುತ್ತಿದ್ದರು. ಅದಕ್ಕೆ 1ರಿಂದ 100ರವರೆಗಿನ ಸಂಖ್ಯೆಗಳ ಗುಣಲಬ್ಧದಂಥ ದೈತ್ಯ ಸಂಖ್ಯೆಗಳು ಬೇಕು. ಅವುಗಳ ಅಂದಾಜು ಸೂತ್ರದಲ್ಲಿ ಒಂದು ಸ್ಥಿರಾಂಕ ಬರುತ್ತಿತ್ತು. ಅದು ಪೈನ ಎರಡರಷ್ಟರ ವರ್ಗಮೂಲವೆಂದು ಗುರುತಿಸಿದವರು ಸ್ಕಾಟ್ಲೆಂಡಿನ ಗಣಿತಜ್ಞ ಜೇಮ್ಸ್ ಸ್ಟರ್ಲಿಂಗ್. ದ ಮೊಯಿವ್ರ್ ಅದನ್ನು ಅವರ ಹೆಸರಿನಲ್ಲೇ ಒಪ್ಪಿಕೊಂಡು, 1733ರಲ್ಲಿ ತಮ್ಮ ಫಲಿತಾಂಶವನ್ನು ಅಚ್ಚು ಹಾಕಿಸಿದರು. 100 ಸಲ ಚಿಮ್ಮಿದಾಗ ಸರಿಯಾಗಿ 50 ತಲೆ ಬೀಳುವ ನಿಜವಾದ ಸಂಭವನೀಯತೆ 0.0796, ಸರಾಸರಿ 50, ಮಾನಕ ವಿಚಲನೆ 5 ಇರುವ ರೇಖೆಯ ತುದಿಯ ಎತ್ತರ 0.0798. ಎಷ್ಟು ಹತ್ತಿರವೆಂದು ನೋಡಿ.

ಇದೇ ಉದಾಹರಣೆಯಲ್ಲಿ ಪರೀಕ್ಷೆಗೆ ಉಪಯೋಗವಾಗುವ ಒಂದು ಮಾತಿದೆ. 45ರಿಂದ 55 ತಲೆಗಳು ಬೀಳುವ ಸಂಭವನೀಯತೆಗೆ ಕೋಷ್ಟಕದಲ್ಲಿ 45ರಿಂದ 55ನ್ನೇ ನೋಡಿದರೆ 0.6827 ಬರುತ್ತದೆ, ನಿಜವಾದ ಉತ್ತರ 0.7287. ಪೂರ್ಣಾಂಕಗಳನ್ನು ಅಖಂಡ ರೇಖೆಗೆ ಒಗ್ಗಿಸುವಾಗ ಎರಡೂ ಕಡೆ ಅರ್ಧ ಸೇರಿಸಿ, 44.5ರಿಂದ 55.5ರವರೆಗೆ ನೋಡಬೇಕು, ಆಗ 0.7287 ದೊರೆಯುತ್ತದೆ. ಮುಂದೆ ಜರ್ಮನಿಯ ಗಣಿತಜ್ಞ ಗೌಸ್ 1809ರಲ್ಲಿ ಖಗೋಳ ವೀಕ್ಷಣೆಗಳ ದೋಷಗಳಿಗೆ ಇದೇ ರೇಖೆಯನ್ನು ಅನ್ವಯಿಸಿದರು, ಮರುವರ್ಷವೇ ಫ್ರಾನ್ಸಿನ ಲಾಪ್ಲಾಸ್ ಇದನ್ನು ನಾಣ್ಯದಾಚೆಗೂ, ಅನೇಕ ಸ್ವತಂತ್ರ ಅಂಕಿಗಳ ಮೊತ್ತಕ್ಕೂ ಒಯ್ದರು. ಇಂದು ತಾವು ಕೇಂದ್ರೀಯ ಮಿತಿ ಪ್ರಮೇಯವೆಂದು ಓದುವುದರ ಬುಡ ಅಲ್ಲಿದೆ.

ಪ್ರಶ್ನೆ: ನಮ್ಮ ತರಗತಿಯ ಅಂಕಗಳು ಗಂಟೆಯಾಕಾರದಲ್ಲಿಲ್ಲ. ಶ್ರೇಣಿ ನೀಡುವಾಗ ಅವುಗಳನ್ನು ಆ ಆಕಾರಕ್ಕೆ ತರಬೇಕೆ?
– ಪ್ರೌಢಶಾಲಾ ಶಿಕ್ಷಕರು, ಬೇಲೂರು

ಉತ್ತರ: ಬೇಡ. ಚೆನ್ನಾಗಿ ಪಾಠವಾದ ತರಗತಿಯಲ್ಲಿ ಅಂಕಗಳು ಮೇಲಿನ ತುದಿಯಲ್ಲಿ ಗುಂಪಾಗುವುದು ಸಹಜ. ಅವುಗಳನ್ನು ಬಲವಂತವಾಗಿ ಗಂಟೆಯಾಕಾರಕ್ಕೆ ಬಗ್ಗಿಸುವುದೆಂದರೆ, ಉತ್ತರ ಪತ್ರಿಕೆ ತಿದ್ದುವ ಮೊದಲೇ ಎಷ್ಟು ಮಕ್ಕಳು ಕೆಳಗಿರಬೇಕೆಂದು ತೀರ್ಮಾನಿಸಿದಂತೆ.

ಪ್ರಶ್ನೆ: ಕಾಫಿ ಕ್ಯೂರಿಂಗ್ ಘಟಕವೊಂದರಲ್ಲಿ ಕೆಲಸ ಮಾಡುತ್ತೇನೆ. ಹದಿನೆಂಟನೇ ನಂಬರಿನ ಜರಡಿಯ ಮೇಲೆ ನಿಂತ ಬೀಜಗಳ ಅಗಲ ಅಳೆದು ನಕ್ಷೆ ಬರೆದರೆ, ಎಡಭಾಗ ಕತ್ತರಿಸಿದ ಹಾಗೆ ಕಾಣುತ್ತದೆ. ಏಕೆ?
– ಓದುಗರು, ಸಕಲೇಶಪುರ

ಉತ್ತರ: ಕತ್ತರಿಸಿರುವುದು ಜರಡಿಯೇ. ಜರಡಿಯ ನಂಬರು ಇಂಚಿನ 64ನೇ ಭಾಗಗಳಲ್ಲಿರುವುದರಿಂದ ಹದಿನೆಂಟರ ಕಣ್ಣು ಸುಮಾರು 7.14 ಮಿ.ಮೀ. ಅದಕ್ಕಿಂತ ಸಣ್ಣ ಬೀಜಗಳು ಕೆಳಗಿಳಿದು ಹೋದ ಮೇಲೆ ಉಳಿಯುವುದು ರೇಖೆಯ ಬಲಭಾಗ ಮಾತ್ರ. ಅಗಲದ ಸಹಜ ಹರಡುವಿಕೆ ಬೇಕಾದರೆ ಜರಡಿಗೆ ಹಾಕುವ ಮೊದಲೇ ಬೀಜ ತೆಗೆದು ಅಳೆಯಬೇಕು. ಅರೇಬಿಕಾ, ರೋಬಸ್ಟಾ ಬೆರೆಸಬಾರದು, ಪೀಬೆರಿಯನ್ನು (ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ದುಂಡು ಬೀಜ) ಬೇರೆ ಇಡಬೇಕು; ಇಲ್ಲದಿದ್ದರೆ ಒಂದರ ಬದಲು ಎರಡು ಗುಡ್ಡಗಳು ಮೂಡಬಹುದು.

ಅಳತೆಗೆ ಬದಲಾಗಿ ತೂಕ ನೋಡುವುದಾದರೆ ಇನ್ನೊಂದು ಎಚ್ಚರಿಕೆ ಬೇಕು. ಬೀಜದ ಆಕಾರ ಒಂದೇ ಬಗೆಯದೆಂದಿಟ್ಟುಕೊಂಡರೆ ತೂಕವು ಅಗಲದ ಘನಕ್ಕೆ ಅನುಗುಣವಾಗಿರುತ್ತದೆ. ಶೇ. 10 ಅಗಲವಾದ ಬೀಜ ಶೇ. 33ರಷ್ಟು ಹೆಚ್ಚು ತೂಗುತ್ತದೆ, ಶೇ. 10 ಕಿರಿದಾದದ್ದು ಶೇ. 27ರಷ್ಟು ಮಾತ್ರ ಕಡಿಮೆ ತೂಗುತ್ತದೆ. ಹೀಗಾಗಿ ಅಗಲ ಪ್ರಸಾಮಾನ್ಯವಾಗಿ ಹರಡಿದ್ದರೂ ತೂಕದ ನಕ್ಷೆ ಬಲಕ್ಕೆ ವಾಲುತ್ತದೆ. ತೂಕಗಳ ಘನಮೂಲ ತೆಗೆದು ನಕ್ಷೆ ಬರೆದು ನೋಡಿ, ವಾಲುವಿಕೆ ಬಹುಮಟ್ಟಿಗೆ ಹೋಗುತ್ತದೆ.