ಕಾಡಂಚಿನ ಗಾಂಜಾ ಗಿಡ: ನೀವೇ ಕಿತ್ತು ಹಾಕಬೇಡಿ

ನಿಮ್ಮ ಕಾಫಿ ತೋಟದ ಕಾಡಂಚಿನಲ್ಲಿ ಯಾರೋ ಕದ್ದು ಗಾಂಜಾ ಬೆಳೆದಿದ್ದಾರೆ, ಸದ್ದಿಲ್ಲದೆ ಕಿತ್ತು ಸುಟ್ಟುಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಕಿತ್ತ ಗಿಡ ಕೈಯಲ್ಲಿದ್ದಾಗ ಯಾರಾದರೂ ನೋಡಿದರೆ, ಅದು ನಿಮ್ಮದಲ್ಲ ಅಂತ ಹೇಳೋದೇ ಕಷ್ಟವಾಗುತ್ತದೆ.

1985ರ ಎನ್‌ಡಿಪಿಎಸ್ ಕಾಯ್ದೆಯ (ಮಾದಕ ವಸ್ತುಗಳನ್ನು ನಿಯಂತ್ರಿಸುವ ಕಾನೂನು) 46ನೇ ಕಲಂ ಜಮೀನುದಾರರಿಗೆ ನೇರವಾಗಿ ಅನ್ವಯಿಸುತ್ತದೆ. ತನ್ನ ಜಮೀನಿನಲ್ಲಿ ಅಕ್ರಮವಾಗಿ ಗಾಂಜಾ ಬೆಳೆದಿರುವುದು ಗೊತ್ತಾದರೆ ಕೂಡಲೇ ತಿಳಿಸಬೇಕು. ಗೊತ್ತಿದ್ದೂ ಸುಮ್ನಿದ್ದರೆ ಅದೂ ಶಿಕ್ಷೆಗೆ ದಾರಿ. ಬೆಳೆದವರಿಗೆ 20ನೇ ಕಲಂ ಪ್ರಕಾರ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ನಾಲ್ಕೇ ಗಿಡ ಅಲ್ವಾ ಅನ್ನೋ ಮಾತು ನಡೆಯೋದಿಲ್ಲ, ಬೆಳೆಯೋದೇ ಅಪರಾಧ.

ಹಾಗಾಗಿ ಇವತ್ತೇ ಠಾಣೆಗೆ ಅಥವಾ ಅಬಕಾರಿ ಇಲಾಖೆಗೆ ಬರವಣಿಗೆಯಲ್ಲಿ ದೂರು ಕೊಡಿ. ಸರ್ವೆ ನಂಬರ್ ಬರೆಯಿರಿ, ದೂರದಿಂದ ತೆಗೆದ ಫೋಟೊ ಇದ್ದರೆ ಸೇರಿಸಿ. ಸ್ವೀಕೃತಿ ಪತ್ರ ಕೇಳಿ ಪಡೆಯಿರಿ, ಮುಂದೆ ನಿಮ್ಮನ್ನು ಕಾಯೋದು ಆ ಕಾಗದವೇ. ಜಾಗ ಮೀಸಲು ಅರಣ್ಯಕ್ಕೆ ಸೇರಿದ್ದರೆ ವಲಯ ಅರಣ್ಯಾಧಿಕಾರಿಗೂ ಹೇಳಿ.

ಮತ್ತೆ ಅಲ್ಲಿಗೆ ಒಬ್ಬರೇ ಹೋಗಬೇಡಿ, ಕೂಲಿಯವರನ್ನೂ ಕಳಿಸಬೇಡಿ. ಬೆಳೆದವರು ಹತ್ತಿರದಲ್ಲೇ ಕಾವಲಿರಬಹುದು. ಯಾರಾದರೂ ಬೆದರಿಸಿದರೆ ತಡಮಾಡದೆ 112ಕ್ಕೆ ಕರೆ ಮಾಡಿ.