ಡ್ರಾಯರಿನಲ್ಲಿರುವ ಆರು ರಜೆ ಅರ್ಜಿಗಳು

ಕಾರವಾರದ ಕಡೆಯ ನರ್ಸಿಂಗ್ ಶಾಲೆಯೊಂದರ ಪ್ರಾಂಶುಪಾಲೆಯವರಿಗೆ,

ನಿಮ್ಮ ನಾಲ್ಕು ಪುಟಗಳ ಪತ್ರವನ್ನು ಮೂರು ಸಲ ಓದಿದೆ. ಒಂದೇ ವರ್ಷದಲ್ಲಿ ಮೂವರು ಟ್ಯೂಟರ್‌ಗಳು ಕೆಲಸ ಬಿಟ್ಟಿದ್ದಾರೆ. ತರಗತಿ, ಆಸ್ಪತ್ರೆಯ ವಾರ್ಡಿನಲ್ಲಿ ಮೇಲ್ವಿಚಾರಣೆ, ಹಾಸ್ಟೆಲಿನ ರಾತ್ರಿ ಪಾಳಿ ಎಲ್ಲವೂ ಉಳಿದ ಆರು ಮಂದಿಯ ಹೆಗಲಿಗೆ ಬಿದ್ದಿದೆ. ಪಿಯುಸಿ ಫಲಿತಾಂಶ ಬಂದಾಗಿನಿಂದ ಅಂಕೋಲಾ, ಕುಮಟಾ, ಹೊನ್ನಾವರದ ಮನೆಗಳಿಗೆ ಪ್ರವೇಶದ ಕರಪತ್ರ ಹಂಚಲೂ ಅವರೇ ಹೋಗುತ್ತಿದ್ದಾರೆ. ನೀವು ಬೆಳಿಗ್ಗೆ ಏಳಕ್ಕೆ ಹೊರಟರೆ ಮನೆ ಸೇರುವುದು ರಾತ್ರಿ ಒಂಬತ್ತಕ್ಕೆ. ಯೋಗ ಶಿಬಿರ ನಡೆಸಿದರೂ ಯಾರ ಮುಖದಲ್ಲೂ ಗೆಲುವಿಲ್ಲ. ‘ರಾಜೀನಾಮೆ ಕೊಡಲೇ?’ ಎಂದು ಕೇಳಿದ್ದೀರಿ.

ಆ ಮಾತು ಆಮೇಲೆ. ಮೂರನೆಯ ಪುಟದ ಕೊನೆಯಲ್ಲಿ, ತಪಾಸಣೆಯ ಕಡತಗಳ ನಡುವೆ, ಹೀಗೊಂದು ಸಾಲು ಬರೆದು ಮುಂದೆ ಹೋಗಿದ್ದೀರಿ: ‘ಆರು ರಜೆ ಅರ್ಜಿಗಳು ನನ್ನ ಡ್ರಾಯರಿನಲ್ಲಿವೆ. ತಪಾಸಣೆ ಮುಗಿದ ಮೇಲೆ ನೋಡಬೇಕು. ಶಿರಸಿಯ ಹುಡುಗಿಯೊಬ್ಬಳು ತಾಯಿಯ ಕಣ್ಣಿನ ಆಪರೇಷನ್ನನ್ನು ಎರಡು ಸಲ ಮುಂದೂಡಿದ್ದಾಳಂತೆ.’

ಇರುವವರು ಆರು ಮಂದಿ, ಅರ್ಜಿಗಳೂ ಆರು. ಒಬ್ಬರನ್ನೂ ಬಿಡದೆ ಎಲ್ಲರೂ ‘ಇನ್ನು ಆಗುವುದಿಲ್ಲ’ ಎಂದು ನಿಮಗೆ ಬರೆದುಕೊಟ್ಟಿದ್ದಾರೆ, ನೀವು ಅದನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದ್ದೀರಿ. ನಿಮ್ಮ ದಣಿವು ನಿಜ. ಆದರೂ ನನ್ನ ಕರುಳು ಹೆಚ್ಚು ಮಿಡಿದದ್ದು ಆ ಶಿರಸಿಯ ಹುಡುಗಿಗಾಗಿ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣವು ಬರ್ನ್‌ಔಟ್ ಅನ್ನು ಕಾಯಿಲೆ ಎನ್ನುವುದಿಲ್ಲ; ಸರಿಯಾಗಿ ನಿಭಾಯಿಸದೆ ಬಹುಕಾಲ ಉಳಿದ ಕೆಲಸದ ಒತ್ತಡದ ಫಲ ಎನ್ನುತ್ತದೆ. ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಏನು ಮಾಡಿದರೂ ಕೈಗೂಡುತ್ತಿಲ್ಲ ಎನಿಸುವುದು ಅದರ ಲಕ್ಷಣಗಳು. ನಿಮ್ಮ ಹಿರಿಯ ಟ್ಯೂಟರ್ ಈಗೀಗ ವಿದ್ಯಾರ್ಥಿನಿಯರನ್ನು ಹೆಸರು ಬಿಟ್ಟು ಹಾಜರಿ ಸಂಖ್ಯೆಯಿಂದ ಕರೆಯುತ್ತಾರೆ ಎಂದು ದೂರಿದ್ದೀರಿ. ಅದನ್ನು ಸೊಕ್ಕು ಎಂದುಕೊಳ್ಳಬೇಡಿ, ಅದು ಎರಡನೆಯ ಲಕ್ಷಣ. ಬೇರು ಕೆಲಸದ ಜಾಗದಲ್ಲಿರುವಾಗ ಯೋಗದ ಚಾಪೆಯ ಮೇಲೆ ಮದ್ದು ಹುಡುಕಿ ಫಲವಿಲ್ಲ.

ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಶಿಕ್ಷಕರು ಎಂಬ ಭಾರತೀಯ ಶುಶ್ರೂಷಾ ಪರಿಷತ್ತಿನ ಅನುಪಾತ ನಿಮಗೆ ಬಾಯಿಪಾಠ. ಅದು ಏಕಿದೆ ಎಂಬುದೂ ಗೊತ್ತು: ಮೊದಲ ಸಲ ರೋಗಿಗೆ ಸೂಜಿ ಚುಚ್ಚುವ ಹುಡುಗಿಯ ಕೈ ನಡುಗುವಾಗ ಪಕ್ಕದಲ್ಲಿ ಒಬ್ಬರು ನಿಂತಿರಬೇಕು. ರಾತ್ರಿಯಿಡೀ ಹಾಸ್ಟೆಲಿನಲ್ಲಿ ಎಚ್ಚರವಿದ್ದವರು ಬೆಳಿಗ್ಗೆ ಪಕ್ಕದಲ್ಲೇ ನಿಂತರೂ ಆ ನಡುಕ ಅವರ ಕಣ್ಣಿಗೆ ಬೀಳುವುದಿಲ್ಲ.

ನನಗೆ ನಿಜವಾಗಿ ಸಿಟ್ಟು ಬಂದದ್ದು ನಿಮ್ಮ ಆಡಳಿತ ಮಂಡಳಿಯ ಕಾರ್ಯದರ್ಶಿಯವರ ಮೇಲೆ. ‘ಮೇಡಂ, ನೀವಿಲ್ಲದಿದ್ದರೆ ಈ ಶಾಲೆ ಒಂದು ದಿನವೂ ನಡೆಯದು’ ಎಂದರಂತೆ. ಮೂವರನ್ನು ನೇಮಿಸಬೇಕಾದವರು ಒಬ್ಬರನ್ನು ಹೊಗಳಿ ಕೈತೊಳೆದುಕೊಂಡರು, ನೀವು ಆ ಹೊಗಳಿಕೆಯನ್ನು ನಂಬಿದಿರಿ. ದೀಪ ಹಿಡಿದು ಪ್ರತಿಜ್ಞೆ ಮಾಡುವಾಗ ನೀವೆಲ್ಲ ನೆನೆಯುವ, ಆಧುನಿಕ ನರ್ಸಿಂಗಿಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಬರೆದಿದ್ದರು: ಹೊಣೆ ಹೊತ್ತವರು ತಾವು ಇಲ್ಲದಾಗಲೂ ಕೆಲಸ ನಡೆಯುವಂತೆ ಏರ್ಪಾಡು ಮಾಡಬೇಕು ಎಂದು. ಇನ್ನು ‘ನರ್ಸಿಂಗ್ ಎಂದರೆ ಸೇವೆ’ ಎಂಬ ಕಾರ್ಯದರ್ಶಿಯವರ ಮಾತು. ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: ಇನ್ನೊಬ್ಬರ ದುಡಿಮೆಗೆ ಸೇವೆ ಎಂದು ಹೆಸರಿಡುವ ಹಕ್ಕು ಯಾರಿಗೂ ಇಲ್ಲ. ಮಾಡುವವರು ಬೇಕಾದರೆ ಹಾಗೆಂದುಕೊಳ್ಳಲಿ.

ರಾಜೀನಾಮೆಯನ್ನು ಈಗ ಬರೆಯಬೇಡಿ. ಆ ಡ್ರಾಯರನ್ನು ಹಾಗೆಯೇ ಬಿಟ್ಟು ಹೊರಟರೆ, ನಿಮ್ಮ ಕುರ್ಚಿಗೆ ಬರುವವರು ಅದೇ ಬೀಗವನ್ನು ಮುಂದುವರಿಸುತ್ತಾರೆ. ನೀವು ಮಾಡಬೇಕಾದದ್ದು ಒಂದೇ: ನಾಳೆ ಬೆಳಿಗ್ಗೆ ತರಗತಿ ಶುರುವಾಗುವ ಮೊದಲು ಆ ಆರೂ ಅರ್ಜಿಗಳಿಗೆ ಸಹಿ ಹಾಕಿ, ಒಬ್ಬರ ಹಿಂದೆ ಒಬ್ಬರು ಹೋಗುವಂತೆ ತಾರೀಖು ಹೊಂದಿಸಿ, ನೀವೇ ಎದ್ದು ಹೋಗಿ ಅವರ ಕೈಗೆ ಕೊಡಿ. ಕರಪತ್ರ ಹಂಚುವುದನ್ನು ನಿಲ್ಲಿಸಿದರೆ ಅಷ್ಟು ದಿನಗಳು ಸಿಕ್ಕೇ ಸಿಗುತ್ತವೆ. ಕಾರ್ಯದರ್ಶಿಯವರು ಕೇಳಿದರೆ ಕರಪತ್ರದ ಕಟ್ಟನ್ನು ಅವರ ಮೇಜಿಗೇ ಕಳುಹಿಸಿ.

ಶಿರಸಿಯ ಹುಡುಗಿಯದು ಮೊದಲು. ಮಳೆ ಜೋರಾಗಿದೆ, ಶಿರಸಿಯ ದಾರಿಯ ದೇವಿಮನೆ ಘಟ್ಟದಲ್ಲಿ ಯಾವಾಗ ಮಣ್ಣು ಕುಸಿಯುತ್ತದೋ ಹೇಳಲಾಗದು. ಅವಳನ್ನು ನಾಳೆ ಮಧ್ಯಾಹ್ನದ ಬಸ್ಸಿಗೇ ಹತ್ತಿಸಿ.